ಆಕಾಶಕ್ಕೆ ಬೇಲಿ ಹಾಕಿದಾಗ: ಹವ್ಯಾಸಿ ಪೈಲಟ್‌ಗಳ ಜಗಳದ ಕಥೆ

ಭಾಗ 1/10

2005ರ ಮೇ 11. ಅಮೆರಿಕದ ರಾಜಧಾನಿ ವಾಷಿಂಗ್ಟನ್. ಮಧ್ಯಾಹ್ನದ ಹೊತ್ತಿಗೆ ವೈಟ್ ಹೌಸ್‌ನಿಂದ, ಪಾರ್ಲಿಮೆಂಟ್ ಕಟ್ಟಡದಿಂದ ಸಾವಿರಾರು ಜನ ಹೊರಗೆ ಓಡ್ತಿದ್ದಾರೆ. ಕೆಲವರು ಚಪ್ಪಲಿ ಕೈಯಲ್ಲಿ ಹಿಡ್ಕೊಂಡು. ಮೇಲೆ ಎಫ್-16 ಯುದ್ಧ ವಿಮಾನಗಳು ಬೆಂಕಿಯ ಉಂಡೆ ಬಿಟ್ಟು ಎಚ್ಚರಿಕೆ ಕೊಡ್ತಿವೆ.

ಶತ್ರು ಯಾರು ಅಂದ್ರೆ, ಸೆಸ್ನಾ 150. ಎರಡೇ ಸೀಟು, ಮುಂದೆ ಒಂದು ಫ್ಯಾನ್. ಪೆಟ್ರೋಲ್, ಜನ ಎಲ್ಲ ಸೇರಿಸಿದ್ರೂ ನಮ್ಮ ಆಲ್ಟೋ ಕಾರಿನಷ್ಟು ತೂಕ. ಒಳಗೆ ಇದ್ದಿದ್ದು ಒಬ್ಬ ಪೈಲಟ್, ಒಬ್ಬ ಕಲಿಯೋ ವಿದ್ಯಾರ್ಥಿ. ಪೆನ್ಸಿಲ್ವೇನಿಯಾದಿಂದ ನಾರ್ತ್ ಕೆರೊಲಿನಾದ ಏರ್ ಶೋ ನೋಡೋಕೆ ಹೊರಟಿದ್ರು. ದಾರಿ ತಪ್ಪಿತ್ತು, ಅಷ್ಟೇ. ವೈಟ್ ಹೌಸ್‌ಗೆ ಸುಮಾರು 3 ಮೈಲಿ ಹತ್ತಿರ ಬಂದುಬಿಟ್ಟಿದ್ರು. ಅಧ್ಯಕ್ಷ ಬುಷ್ ಆಗ ಊರಾಚೆ ಸೈಕಲ್ ಹೊಡೀತಿದ್ರು. ಅವರಿಗೆ ವಿಷಯ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ.

ಆ ಪುಟ್ಟ ವಿಮಾನವನ್ನು ಕರ್ಕೊಂಡು ಹೋಗಿ ಇಳಿಸಿದ ಊರು ಫ್ರೆಡರಿಕ್. ಹವ್ಯಾಸಿ ಪೈಲಟ್‌ಗಳ ಅತಿ ದೊಡ್ಡ ಸಂಘದ ಹೆಡ್ ಆಫೀಸ್ ಇರೋದು ಅದೇ ಏರ್‌ಪೋರ್ಟ್‌ನಲ್ಲಿ! ಅದೇ ಸಂಘ ಆಗ ಎರಡು ವರ್ಷದಿಂದ ಸರ್ಕಾರದ ಜೊತೆ ವಾದ ಮಾಡ್ತಿತ್ತು, 'ರಾಜಧಾನಿ ಸುತ್ತ ಹಾಕಿರೋ ಈ ಬೇಲಿ ತೆಗೀರಿ, ನಮ್ಮಿಂದ ಅಪಾಯ ಇಲ್ಲ' ಅಂತ. ಒಬ್ಬನ ತಪ್ಪಿನಿಂದ ಆ ವಾದಕ್ಕೆ ಎಂಥ ಪೆಟ್ಟು ಬಿತ್ತು ಅಂತ ಯೋಚಿಸಿ.

ಈ ಸರಣಿ ಆ ಜಗಳದ್ದು. ಆಕಾಶದ ನಿಯಮ ಬದಲಾದಾಗ ಸಣ್ಣ ವಿಮಾನದವರು ಏನಂದ್ರು, ಯಾವಾಗ ಸರಿ ಇದ್ರು, ಯಾವಾಗ ತಪ್ಪಿದ್ರು. ವಿಮಾನದ ಹುಚ್ಚು ಇಲ್ಲದವರೂ ಓದಿ. ಇದು ನಿಜವಾಗ್ಲೂ ರೂಲ್ಸ್ ಮತ್ತು ನಮ್ಮ ಸಿಟ್ಟಿನ ಕಥೆ.

ಭಾಗ 2/10

ಮೊದಲು, ಯಾರು ಇವರು?

ಪ್ರೈವೇಟ್ ಪೈಲಟ್ ಅಂದ್ರೆ ಪ್ರೈವೇಟ್ ಕಂಪನಿಯ ಪೈಲಟ್ ಅಲ್ಲ. ದುಡ್ಡು ತಗೊಂಡು ಜನರನ್ನು ಹೊರೋ ಹಾಗಿಲ್ಲ. ಸ್ವಂತಕ್ಕೆ, ಖುಷಿಗೆ ಹಾರೋ ಲೈಸೆನ್ಸ್. ಅಮೆರಿಕದಲ್ಲಿ ಇದಕ್ಕೆ ಕನಿಷ್ಠ 40 ಗಂಟೆ ಹಾರಾಟ ಆಗಿರಬೇಕು. ಡಾಕ್ಟರ್, ರೈತ, ಮೇಷ್ಟ್ರು, ಮೆಕ್ಯಾನಿಕ್, ಎಲ್ಲ ಥರದವರೂ ಇದ್ದಾರೆ. ಎಷ್ಟೋ ಜನ ನಾಲ್ಕೈದು ಮಂದಿ ಸೇರಿ ಒಂದು ಹಳೇ ವಿಮಾನ ಇಟ್ಕೊಂಡಿರ್ತಾರೆ.

ಇವರ ಸಂಘ ಹುಟ್ಟಿದ್ದು 1939ರಲ್ಲಿ. ಹೆಸರು ಏರ್‌ಕ್ರಾಫ್ಟ್ ಓನರ್ಸ್ ಅಂಡ್ ಪೈಲಟ್ಸ್ ಅಸೋಸಿಯೇಷನ್, ಚಿಕ್ಕದಾಗಿ ಎಒಪಿಎ. 2005ರ ಹೊತ್ತಿಗೆ 4 ಲಕ್ಷಕ್ಕೂ ಹೆಚ್ಚು ಸದಸ್ಯರು.

ಇವರ ಸಿಟ್ಟು ಅರ್ಥ ಆಗಬೇಕಾದ್ರೆ ಮೂರು ವಿಷಯ ಗೊತ್ತಿರಬೇಕು.

ಒಂದು: ಆಕಾಶದಲ್ಲಿ ಓಡಾಡೋದು ಪ್ರಜೆಯ ಹಕ್ಕು ಅಂತ ಅಮೆರಿಕದ ಕಾನೂನಲ್ಲೇ ಇದೆ. 1926ರ ವಿಮಾನಯಾನ ಕಾಯ್ದೆಯಿಂದಲೂ ಈ ಯೋಚನೆ ಬಂದಿದೆ. ಅಂದ್ರೆ ಆಕಾಶ ಅವರಿಗೆ ಸರ್ಕಾರ ಕೊಟ್ಟ ಪರ್ಮಿಷನ್ ಅಲ್ಲ, ಊರ ರಸ್ತೆ ಇದ್ದ ಹಾಗೆ.

ಎರಡು: 1946ರಲ್ಲಿ ಒಂದು ಕೋಳಿ ಕೇಸು. ಮಿಲಿಟರಿ ವಿಮಾನಗಳು ತೀರಾ ತಗ್ಗಿನಲ್ಲಿ ಹಾರಿ, ಹೆದರಿದ ಕೋಳಿಗಳು ಗೋಡೆಗೆ ಬಡ್ಕೊಂಡು ಸತ್ತುಹೋದ್ವು. ಕೋಳಿ ಸಾಕ್ತಿದ್ದ ದಂಪತಿ ಕೋರ್ಟಿಗೆ ಹೋದ್ರು. ಸುಪ್ರೀಂ ಕೋರ್ಟ್ ಅವರಿಗೆ ಪರಿಹಾರದ ಹಕ್ಕಿದೆ ಅಂತು. ಜೊತೆಗೆ, ಜಮೀನಿನ ಮಾಲೀಕತ್ವ ಸ್ವರ್ಗದವರೆಗೂ ಹೋಗಲ್ಲ, ಮೇಲಿನ ಆಕಾಶ ಸಾರ್ವಜನಿಕ ಹೆದ್ದಾರಿ ಅಂತಲೂ ಹೇಳ್ತು.

ಮೂರು: ಅದೇ 1946ರಲ್ಲಿ ಬಂದ ಇನ್ನೊಂದು ಕಾನೂನು. ಸರ್ಕಾರಿ ಇಲಾಖೆ ಹೊಸ ನಿಯಮ ಮಾಡೋ ಮುಂಚೆ ಕರಡನ್ನು ಪ್ರಕಟಿಸಿ, ಜನರ ಅಭಿಪ್ರಾಯ ಕೇಳಬೇಕು. ಹಾಗಾಗಿ ಈ ಪೈಲಟ್‌ಗಳ ಪ್ರತಿಭಟನೆ ಅಂದ್ರೆ ಟೈರ್ ಸುಡೋದಲ್ಲ, ರಸ್ತೆ ತಡೆ ಅಲ್ಲ. ಪತ್ರ ಬರೆಯೋದು. ಸಾವಿರ ಸಾವಿರ ಪತ್ರ.

ಭಾಗ 3/10

ಮೊದಮೊದಲು ಆಕಾಶದಲ್ಲಿ ಒಂದೇ ನಿಯಮ: ಕಣ್ಣು ಬಿಟ್ಕೊಂಡು ಹಾರು, ಎದುರಿಗೆ ಬಂದವನನ್ನು ನೋಡಿ ತಪ್ಪಿಸ್ಕೋ. ನಮ್ಮ ಹಳ್ಳಿ ದಾರೀಲಿ ಎರಡು ಟ್ರ್ಯಾಕ್ಟರ್ ಎದುರಾದಾಗ ಮಾಡೋ ಹಾಗೆ.

1956ರ ಜೂನ್ 30ರಂದು ಈ ನಿಯಮದ ಮಿತಿ ಗೊತ್ತಾಯ್ತು. ಗ್ರ್ಯಾಂಡ್ ಕ್ಯಾನಿಯನ್ ಮೇಲೆ ಎರಡು ದೊಡ್ಡ ಪ್ರಯಾಣಿಕ ವಿಮಾನಗಳು ಡಿಕ್ಕಿಯಾಗಿ 128 ಜನರೂ ಸತ್ತರು. ಅಲ್ಲಿ ನೋಡ್ಕೊಳ್ಳೋಕೆ ಯಾರೂ ಇರಲಿಲ್ಲ, ರೇಡಾರ್ ಕಣ್ಣಿಗೆ ಬೀಳದ ಖಾಲಿ ಆಕಾಶ ಅದು. ಎರಡು ವರ್ಷದಲ್ಲಿ, 1958ರಲ್ಲಿ, ಹೊಸ ಕಾಯ್ದೆ ಬಂತು, ಎಫ್‌ಎಎ ಅನ್ನೋ ಇಲಾಖೆ ಹುಟ್ಟಿತು. ಆಕಾಶದ ಟ್ರಾಫಿಕ್ ಪೊಲೀಸ್ ಅಂದ್ಕೊಳ್ಳಿ.

ಆಮೇಲೆ ಜೆಟ್‌ಗಳು ಬಂದ್ವು. ವೇಗ ಜಾಸ್ತಿ ಆಯ್ತು, ಆದ್ರೆ ಮನುಷ್ಯನ ಕಣ್ಣು ಅದೇ. 1969ರಲ್ಲಿ ಇಂಡಿಯಾನಾದಲ್ಲಿ ಒಂದು ಜೆಟ್‌ಗೆ, ಕಲಿಯುವವನೊಬ್ಬ ಒಬ್ಬನೇ ಹಾರಿಸ್ತಿದ್ದ ಸಣ್ಣ ವಿಮಾನ ಡಿಕ್ಕಿಯಾಗಿ 83 ಜನ ಸತ್ತರು.

1970ರಲ್ಲಿ ದೊಡ್ಡ ಏರ್‌ಪೋರ್ಟ್‌ಗಳ ಸುತ್ತ ಹೊಸ ಬೇಲಿ ಬಂತು. ಟರ್ಮಿನಲ್ ಕಂಟ್ರೋಲ್ ಏರಿಯಾ, ಅಂದ್ರೆ ಟಿಸಿಎ. ಈಗ ಅದಕ್ಕೆ ಕ್ಲಾಸ್ ಬಿ ಅಂತಾರೆ. ಮದುವೆ ಕೇಕನ್ನು ತಲೆಕೆಳಗು ಮಾಡಿ ಏರ್‌ಪೋರ್ಟ್ ಮೇಲೆ ಇಟ್ಟ ಹಾಗೆ ಇದರ ಆಕಾರ. ನೆಲದ ಹತ್ತಿರ ಸಣ್ಣ ವೃತ್ತ, ಮೇಲೆ ಹೋದಂಗೆ ಅಗಲ. ಯಾಕಂದ್ರೆ ಜೆಟ್‌ಗಳು ದೂರದಿಂದ ಇಳಿಜಾರಾಗಿ ಬರ್ತವೆ. ಒಳಗೆ ಬರಬೇಕಂದ್ರೆ ರೇಡಿಯೋದಲ್ಲಿ ಕೇಳಿ ಅನುಮತಿ ತಗೋಬೇಕು.

ಆಗಿನಿಂದಲೇ ಎರಡು ದನಿ. ದೊಡ್ಡ ವಿಮಾನದವರು, ಪ್ರಯಾಣಿಕರು: 'ಇನ್ನಷ್ಟು ಬೇಲಿ ಹಾಕಿ.' ಸಣ್ಣವರು: 'ರಸ್ತೆ ಎಲ್ಲರದು ಅಂತ ಹೇಳಿ, ಒಳ್ಳೇ ರಸ್ತೆಗಳನ್ನೆಲ್ಲ ಬಸ್ಸಿಗೆ ಬಿಟ್ಟುಕೊಟ್ರೆ ಸೈಕಲ್‌ನವನು ಎಲ್ಲಿ ಹೋಗ್ಬೇಕು?'

ಭಾಗ 4/10

1978ರ ಸೆಪ್ಟೆಂಬರ್ 25. ಸ್ಯಾನ್ ಡಿಯೇಗೋ, ಬೆಳಗ್ಗೆ ಒಂಬತ್ತು ಗಂಟೆ, ಶುಭ್ರ ಆಕಾಶ.

ಪಿಎಸ್‌ಎ ಕಂಪನಿಯ ಬೋಯಿಂಗ್ 727 ಇಳಿಯೋಕೆ ಬರ್ತಿದೆ. ಅದರ ಮುಂದೆ, ಸ್ವಲ್ಪ ಕೆಳಗೆ, ಸೆಸ್ನಾ 172 ಒಂದು ತರಬೇತಿ ಹಾರಾಟದಲ್ಲಿದೆ. ಕಂಟ್ರೋಲರ್ 727ರವರಿಗೆ 'ಮುಂದೆ ಸಣ್ಣ ವಿಮಾನ ಇದೆ' ಅಂತ ಹೇಳಿದ್ರು. ಅವರು ಕಾಣ್ತಿದೆ ಅಂದ್ರು. ಕಾಣ್ತಿದೆ ಅಂದ್ಮೇಲೆ ದೂರ ಕಾಯ್ದುಕೊಳ್ಳೋ ಜವಾಬ್ದಾರಿ ಅವರದೇ. ಸ್ವಲ್ಪ ಹೊತ್ತಿಗೆ ಅದು ಅವರ ಕಣ್ಣಿಂದ ಮರೆಯಾಯ್ತು. ಹಿಂದೆ ಹೋಗಿರಬೇಕು ಅಂದ್ಕೊಂಡ್ರು. ಅದು ಅವರ ಕೆಳಗೇ ಇತ್ತು.

727ರಲ್ಲಿದ್ದ 135 ಜನ, ಸೆಸ್ನಾದ ಇಬ್ಬರು, ಕೆಳಗೆ ನಾರ್ತ್ ಪಾರ್ಕ್ ಬಡಾವಣೆಯಲ್ಲಿ ತಮ್ಮ ಪಾಡಿಗೆ ತಾವಿದ್ದ 7 ಜನ. ಒಟ್ಟು 144. ಆವತ್ತಿನವರೆಗೆ ಅಮೆರಿಕದ ಅತಿ ದೊಡ್ಡ ವಿಮಾನ ದುರಂತ ಅದು.

ಜನ ಕೇಳಿದ ಮೊದಲ ಪ್ರಶ್ನೆ: ಜೆಟ್ ಇಳಿಯೋ ಜಾಗದಲ್ಲಿ ಈ ಸಣ್ಣ ವಿಮಾನಕ್ಕೆ ಏನು ಕೆಲಸ?

ನಾನೂ ಹಾಗೇ ಅಂದ್ಕೊಂಡೆ. ಆದ್ರೆ ತನಿಖೆಯ ವರದಿ ಬೇರೆ ಹೇಳುತ್ತೆ. ಸೆಸ್ನಾದವರು ಕದ್ದು ನುಗ್ಗಿರಲಿಲ್ಲ. ಅವರೂ ಕಂಟ್ರೋಲರ್ ಜೊತೆ ಮಾತಾಡ್ತಾನೇ ಇದ್ರು, ರೇಡಾರ್‌ನಲ್ಲೂ ಇದ್ರು. ಕೊಟ್ಟ ದಿಕ್ಕಿನಲ್ಲೇ ನಿಲ್ಲದೆ ಸ್ವಲ್ಪ ತಿರುಗಿದ್ದು ನಿಜ. ಆದ್ರೆ ಮುಖ್ಯ ಕಾರಣ ಅಂತ ತನಿಖಾಧಿಕಾರಿಗಳು ಹೇಳಿದ್ದು ಬೇರೆ: ಜೆಟ್‌ನವರಿಗೆ ಸೆಸ್ನಾ ಕಣ್ಮರೆಯಾದಾಗ ಅವರು ಅದನ್ನು ಕಂಟ್ರೋಲರ್‌ಗೆ ಹೇಳಲಿಲ್ಲ. ಜೊತೆಗೆ, ಕಣ್ಣಿನ ಮೇಲೆ ಇಷ್ಟು ಭಾರ ಹಾಕಿದ್ದ ಕಂಟ್ರೋಲ್ ಪದ್ಧತಿಯೂ ಒಂದು ಕಾರಣ.

ಈ ವಿವರ ನೆನಪಿಟ್ಕೊಳ್ಳಿ. ಕೊನೇ ಭಾಗದಲ್ಲಿ ಮತ್ತೆ ಬೇಕಾಗುತ್ತೆ.

ಭಾಗ 5/10

ದುರಂತ ಆದ್ಮೇಲೆ ಸರ್ಕಾರ ಸುಮ್ಮನಿರೋಕಾಗಲ್ಲ. ಏನಾದ್ರೂ ಮಾಡಿದ ಹಾಗೆ ಕಾಣ್ಬೇಕು. ಕೆಲವೇ ತಿಂಗಳಲ್ಲಿ ಎಫ್‌ಎಎ ದೊಡ್ಡ ಕರಡು ಹೊರಡಿಸ್ತು: ಇನ್ನೂ ಹತ್ತಾರು ಊರುಗಳ ಮೇಲೆ ಟಿಸಿಎ ಬೇಲಿ, ಕಂಟ್ರೋಲ್ ಇಲ್ಲದೆ ಹಾರಬಹುದಾದ ಆಕಾಶ ಇನ್ನೂ ಚಿಕ್ಕದು.

1979ರಲ್ಲಿ ಪೈಲಟ್‌ಗಳು ಪತ್ರದ ಮಳೆ ಸುರಿಸಿದ್ರು. ಇಲಾಖೆ ಆ ಯೋಜನೆಯ ಬಹುಭಾಗ ಕೈಬಿಡಬೇಕಾಯ್ತು. ಸ್ಯಾನ್ ಡಿಯೇಗೋಗೆ ಮಾತ್ರ 1980ರಲ್ಲಿ ಟಿಸಿಎ ಬಂತು.

ಈ ಪ್ರತಿಭಟನೆಯ ಬಗ್ಗೆ ಪೈಲಟ್‌ಗಳ ಮನಸ್ಸು ಒಂದೇ ಥರ ಇರಲಿಲ್ಲ. ಇಂಥ ಪ್ರತಿ ಜಗಳದಲ್ಲೂ ನನಗೆ ಮೂರು ಗುಂಪು ಕಾಣುತ್ತೆ.

ಮೊದಲನೇ ಗುಂಪು: 'ಒಂದು ಇಂಚೂ ಬಿಡಲ್ಲ.' ಇವತ್ತು ಒಂದು ಊರು, ನಾಳೆ ಇಡೀ ದೇಶ. ಹೋದ ಆಕಾಶ ವಾಪಸ್ ಬರಲ್ಲ ಅನ್ನೋ ಭಯ.

ಎರಡನೇ ಗುಂಪು: 'ಸುಮ್ನಿರಿ.' 144 ಹೆಣ ಬಿದ್ದಿದೆ. ಈಗ ನಮ್ಮ ಹವ್ಯಾಸ, ನಮ್ಮ ಹಕ್ಕು ಅಂದ್ರೆ ಜನ ಉಗೀತಾರೆ. ಹೇಗೂ ಶ್ರೀಮಂತರ ಆಟಿಕೆ ಅನ್ನೋ ಹೆಸರಿದೆ. ತಲೆ ಬಗ್ಗಿಸಿ ಹೊಸ ನಿಯಮ ಕಲಿತ್ಕೊಂಡು ಹಾರೋಣ.

ಮೂರನೇ ಗುಂಪು: 'ನಿಯಮ ಬೇಡ ಅಂತಿಲ್ಲ, ಈ ನಿಯಮ ಈ ಕಾಯಿಲೆಗೆ ಔಷಧಿ ಅಲ್ಲ.' ಡಿಕ್ಕಿಯಾದ ಎರಡೂ ವಿಮಾನ ಕಂಟ್ರೋಲ್‌ನಲ್ಲೇ ಇದ್ದಾಗ, ಕಂಟ್ರೋಲ್ ಇರೋ ಜಾಗವನ್ನು ಬರೀ ಅಗಲ ಮಾಡಿದ್ರೆ ಏನು ಬಂತು? ಬೇಲಿಯ ಆಚೆ ತಳ್ಳಿದ ಸಣ್ಣ ವಿಮಾನಗಳೆಲ್ಲ ಅಂಚಿನಲ್ಲಿ ಒಂದೇ ಕಡೆ ಸೇರ್ಕೊಂಡ್ರೆ ಅಲ್ಲೇ ಹೊಸ ಅಪಾಯ ಅಲ್ವಾ?

1979ರಲ್ಲಿ ಗೆದ್ದಾಗ ಒಂದನೇ ಗುಂಪು ಮತ್ತು ಮೂರನೇ ಗುಂಪು ಒಟ್ಟಿಗೇ ಇದ್ವು. ಯಾರ ಮಾತಿಂದ ಗೆದ್ವಿ ಅಂತ ಯಾರೂ ಬಿಡಿಸಿ ನೋಡಲಿಲ್ಲ.

ಭಾಗ 6/10

ಏಳು ವರ್ಷ ಕಳೀತು. 1986ರ ಆಗಸ್ಟ್ 31, ಭಾನುವಾರ. ಲಾಸ್ ಏಂಜಲೀಸ್ ಪಕ್ಕದ ಸೆರಿಟೋಸ್.

ಒಂದು ಪೈಪರ್ ಆರ್ಚರ್, ನಾಲ್ಕು ಸೀಟಿನ ಸಣ್ಣ ವಿಮಾನ, ಮೂರು ಜನರ ಜೊತೆ ಟಾರೆನ್ಸ್‌ನಿಂದ ಬಿಗ್ ಬೇರ್ ಕಡೆ ಹೊರಟಿತ್ತು. ಏರೋಮೆಕ್ಸಿಕೋ ಕಂಪನಿಯ ಡಿಸಿ-9 ಇಳಿಯೋಕೆ ಬರ್ತಿತ್ತು. ಸುಮಾರು 6,500 ಅಡಿ ಎತ್ತರದಲ್ಲಿ ಡಿಕ್ಕಿ. ಡಿಸಿ-9ರ 64, ಪೈಪರ್‌ನ 3, ನೆಲದ ಮೇಲೆ 15. ಒಟ್ಟು 82 ಜನ.

ಭಾನುವಾರ ಮನೇಲಿದ್ದವರು ಆ 15 ಜನ. ಅವರು ಯಾವ ಕರಡು ನಿಯಮಕ್ಕೂ ಪತ್ರ ಬರೆದವರಲ್ಲ. ಆಕಾಶದ ಜಗಳದಲ್ಲಿ ಅವರ ದನಿಯೇ ಇರಲಿಲ್ಲ. ಇದನ್ನ ಓದಿದಾಗ ನಾನು ಒಂದು ದಿನ ಈ ಸರಣಿ ಬರೆಯೋದನ್ನೇ ನಿಲ್ಲಿಸಿದ್ದೆ. ಅಲ್ಲಿಯವರೆಗೆ ನಾನು ಪೂರ್ತಿ ಪೈಲಟ್‌ಗಳ ಪರ ಇದ್ದೆ.

ಈ ಸಲ ಸಣ್ಣ ವಿಮಾನ ನಿಜವಾಗ್ಲೂ ಇರಬಾರದ ಜಾಗದಲ್ಲಿತ್ತು. ಅನುಮತಿ ಇಲ್ಲದೆ ಟಿಸಿಎ ಒಳಗೆ ಬಂದಿತ್ತು. ಬೇಕಂತ ಅಲ್ಲ, ಗೊತ್ತಿಲ್ಲದೆ.

ಹಾಗಾದ್ರೆ 1979ರ ಪ್ರತಿಭಟನೆಯೇ ಈ ಸಾವಿಗೆ ಕಾರಣನಾ? ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸ್ಬೇಕು. ಲಾಸ್ ಏಂಜಲೀಸ್‌ಗೆ ಆಗಲೇ ಟಿಸಿಎ ಇತ್ತು. ಪೈಲಟ್‌ಗಳು ತಡೆದ ಬೇಲಿ ಇದಲ್ಲ. ಬೇಲಿ ಇತ್ತು, ಆದ್ರೆ ಬೇಲಿ ಕಣ್ಣಿಗೆ ಕಾಣಲ್ಲ. ನಕ್ಷೆ ನೋಡಿ, ಕೆಳಗಿನ ರಸ್ತೆ ನೋಡಿ, ಗೆರೆ ಎಲ್ಲಿದೆ ಅಂತ ಅಂದಾಜು ಮಾಡ್ಬೇಕು.

ಇನ್ನೂ ದೊಡ್ಡ ವಿಷಯ ಬೇರೆ. ಪೈಪರ್‌ನಲ್ಲಿದ್ದ ಟ್ರಾನ್ಸ್‌ಪಾಂಡರ್ 'ನಾನಿದ್ದೀನಿ' ಅಂತ ಮಾತ್ರ ಹೇಳ್ತಿತ್ತು. ಎಷ್ಟು ಎತ್ತರದಲ್ಲಿದ್ದೀನಿ ಅಂತ ಹೇಳ್ತಿರಲಿಲ್ಲ. ರೇಡಾರ್ ಪರದೆ ಮೇಲೆ ಅದು ಎತ್ತರ ಇಲ್ಲದ ಒಂದು ಚುಕ್ಕೆ. ಬೇಲಿಯ ಕೆಳಗೆ ಸರಿಯಾಗಿ ಹೋಗ್ತಿರೋ ನೂರಾರು ಚುಕ್ಕೆಗಳಲ್ಲಿ ಅದೂ ಒಂದು.

ಭಾಗ 7/10

ಟ್ರಾನ್ಸ್‌ಪಾಂಡರ್ ಅಂದ್ರೆ ವಿಮಾನದಲ್ಲಿರೋ ಒಂದು ಪೆಟ್ಟಿಗೆ. ಕೆಳಗಿಂದ ರೇಡಾರ್ 'ಯಾರು?' ಅಂತ ಕೇಳುತ್ತೆ, ಪೆಟ್ಟಿಗೆ ನಾಲ್ಕು ಅಂಕಿಯ ನಂಬರ್ ಕಳಿಸುತ್ತೆ. ಅದಕ್ಕೆ ಮೋಡ್ ಸಿ ಸೇರಿಸಿದ್ರೆ ಎತ್ತರವನ್ನೂ ಕಳಿಸುತ್ತೆ.

ಸೆರಿಟೋಸ್ ಆದ ಮರುವರ್ಷ ಅಮೆರಿಕದ ಸಂಸತ್ತು ಕಾನೂನು ಮಾಡ್ತು. ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಡಿಕ್ಕಿ ತಪ್ಪಿಸೋ ಯಂತ್ರ, ಅಂದ್ರೆ ಟಿಕ್ಯಾಸ್, ಕಡ್ಡಾಯ. ಆದ್ರೆ ಟಿಕ್ಯಾಸ್ ಕೆಲಸ ಮಾಡ್ಬೇಕಂದ್ರೆ ಎದುರಿನ ವಿಮಾನ ತನ್ನ ಎತ್ತರ ಹೇಳ್ಬೇಕು. ಹಾಗಾಗಿ 1989ರ ಜುಲೈ 1ರಿಂದ ಹೊಸ ನಿಯಮ: ದೊಡ್ಡ ಏರ್‌ಪೋರ್ಟ್‌ಗಳ ಸುತ್ತ 30 ನಾಟಿಕಲ್ ಮೈಲಿ, ಅಂದ್ರೆ ಸುಮಾರು 55 ಕಿಲೋಮೀಟರ್ ಒಳಗೆ ಹಾರೋರೆಲ್ಲ ಮೋಡ್ ಸಿ ಇಟ್ಕೊಳ್ಳಲೇಬೇಕು.

ಮತ್ತೆ ಪತ್ರಗಳ ಮಳೆ. ಈ ಸಲ ಮೊದಲನೇ ಗುಂಪಿನ ಮಾತಿಗೆ ಬೆಲೆ ಬರಲಿಲ್ಲ. 82 ಜನ ಸತ್ತ ಮೇಲೆ 'ಪೆಟ್ಟಿಗೆ ದುಬಾರಿ' ಅಂತ ಹೇಳಿದ್ರೆ ಯಾರು ಕೇಳ್ತಾರೆ?

ಆದ್ರೆ ಒಂದು ಮಾತನ್ನ ಕೇಳಿದ್ರು. 1930-40ರ ದಶಕದ ಎಷ್ಟೋ ವಿಮಾನಗಳಲ್ಲಿ ಕರೆಂಟೇ ಇಲ್ಲ. ಪೈಪರ್ ಕಬ್ ಥರದ್ದು, ಕೈಯಲ್ಲಿ ಫ್ಯಾನ್ ತಿರುಗಿಸಿ ಸ್ಟಾರ್ಟ್ ಮಾಡೋದು. ಅದಕ್ಕೆ ಟ್ರಾನ್ಸ್‌ಪಾಂಡರ್ ಎಲ್ಲಿ ಜೋಡಿಸೋದು? ಗ್ಲೈಡರ್‌ಗೆ, ಬಲೂನ್‌ಗೆ? ಹೀಗೆ ಹುಟ್ಟುವಾಗಲೇ ಇಂಜಿನ್‌ನಿಂದ ಕರೆಂಟ್ ಬರದ ವಿಮಾನಗಳಿಗೆ, ಒಳಗಿನ ಟಿಸಿಎ ಬಿಟ್ಟು ಹೊರಗಿನ ವೃತ್ತದಲ್ಲಿ ಹಾರೋಕೆ ವಿನಾಯಿತಿ ಸಿಕ್ತು. ಆ ವಿನಾಯಿತಿ ಇವತ್ತಿಗೂ ನಿಯಮದಲ್ಲಿದೆ.

ನಿಯಮ ಉಳೀತು, ಜೀವ ಉಳೀತು, ಹಳೇ ಕಬ್ ಕೂಡ ಉಳೀತು.

ಟಿಕ್ಯಾಸ್ ಕಥೆ ನಮ್ಮ ದೇಶಕ್ಕೂ ಬಂತು, ಕೆಟ್ಟ ದಾರೀಲಿ. 1996ರ ನವೆಂಬರ್ 12ರಂದು ದೆಹಲಿ ಹತ್ತಿರ ಚರ್ಖಿ ದಾದ್ರಿ ಮೇಲೆ ಸೌದಿಯ ಜಂಬೋ ಜೆಟ್ ಮತ್ತು ಕಝಾಕ್ ವಿಮಾನ ಡಿಕ್ಕಿಯಾಗಿ 349 ಜನ ಸತ್ತರು. ಗಾಳಿಯಲ್ಲಿ ಆದ ಡಿಕ್ಕಿಗಳಲ್ಲಿ ಇವತ್ತಿಗೂ ಇದೇ ಅತಿ ದೊಡ್ಡದು. ಅದಾದ ಮೇಲೇ ಭಾರತಕ್ಕೆ ಬರೋ ಪ್ರಯಾಣಿಕ ವಿಮಾನಗಳಿಗೆ ಟಿಕ್ಯಾಸ್ ಕಡ್ಡಾಯ ಆಗಿದ್ದು.

ಭಾಗ 8/10

ಇಲ್ಲಿವರೆಗಿನ ಜಗಳ ಡಿಕ್ಕಿ ತಪ್ಪಿಸೋದರ ಬಗ್ಗೆ. 2001ರ ಸೆಪ್ಟೆಂಬರ್ 11ರ ನಂತರ ಪ್ರಶ್ನೆಯೇ ಬದಲಾಯ್ತು. 'ನೀನು ತಪ್ಪು ಮಾಡಬಹುದು' ಅನ್ನೋದು ಹೋಗಿ 'ನೀನು ಯಾರು?' ಅಂತಾಯ್ತು.

ಆವತ್ತು ಇಡೀ ಅಮೆರಿಕದ ಆಕಾಶ ಬಂದ್. ಏರ್‌ಲೈನ್‌ಗಳು ಕೆಲವೇ ದಿನದಲ್ಲಿ ಮತ್ತೆ ಹಾರಿದ್ವು. ದೊಡ್ಡ ನಗರಗಳ ಸುತ್ತಲಿನ ಹವ್ಯಾಸಿ ಪೈಲಟ್‌ಗಳು ತಿಂಗಳುಗಟ್ಟಲೆ ಕಾಯ್ಬೇಕಾಯ್ತು. ದಾಳಿಗೆ ಬಳಸಿದ್ದು ಏರ್‌ಲೈನ್ ಜೆಟ್‌ಗಳು, ನಮ್ಮನ್ನ ಯಾಕೆ ಕಟ್ಟಿಹಾಕ್ತೀರಿ ಅನ್ನೋದು ಅವರ ನೋವು.

ವಾಷಿಂಗ್ಟನ್ ಪಕ್ಕ ಕಾಲೇಜ್ ಪಾರ್ಕ್ ಅನ್ನೋ ಪುಟ್ಟ ಏರ್‌ಪೋರ್ಟ್ ಇದೆ. 1909ರಲ್ಲಿ ವಿಲ್ಬರ್ ರೈಟ್ ಸ್ವತಃ ಬಂದು ಸೈನ್ಯದ ಅಧಿಕಾರಿಗಳಿಗೆ ವಿಮಾನ ಹಾರಿಸೋದು ಕಲಿಸಿದ ಜಾಗ. ನಿಲ್ಲದೆ ನಡೀತಿರೋ ಜಗತ್ತಿನ ಅತಿ ಹಳೇ ಏರ್‌ಪೋರ್ಟ್ ಅಂತಾರೆ. ಅದರ ಜೊತೆ ಇನ್ನೆರಡು ಸಣ್ಣ ಏರ್‌ಪೋರ್ಟ್‌ಗಳೂ ಒಳವೃತ್ತದಲ್ಲಿ ಸಿಕ್ಕಿಹಾಕ್ಕೊಂಡ್ವು. ಮತ್ತೆ ತೆರೆಯೋ ಹೊತ್ತಿಗೆ 2002. ಆಮೇಲೂ ಅಲ್ಲಿಗೆ ಹಾರ್ಬೇಕಂದ್ರೆ ಬೆರಳಚ್ಚು ಕೊಡ್ಬೇಕು, ಹಿನ್ನೆಲೆ ತಪಾಸಣೆ ಆಗ್ಬೇಕು, ರಹಸ್ಯ ನಂಬರ್ ಇರ್ಬೇಕು.

ಬಿಕಾಂ ತಲೇಲಿ ಯೋಚನೆ ಮಾಡಿ. ಒಂದು ಸಣ್ಣ ಏರ್‌ಪೋರ್ಟ್ ಬದುಕೋದು ಪೆಟ್ರೋಲ್ ಮಾರಾಟ, ನಿಲ್ಲಿಸೋ ಬಾಡಿಗೆ, ಟ್ರೇನಿಂಗ್ ಸ್ಕೂಲ್, ರಿಪೇರಿ ಶೆಡ್ ಇವುಗಳಿಂದ. ಹೊರಗಿಂದ ವಿಮಾನ ಬರೋದು ನಿಂತ್ರೆ ಆದಾಯ ನಿಲ್ಲುತ್ತೆ, ರನ್‌ವೇ ನಿರ್ವಹಣೆಯ ಖರ್ಚು ನಿಲ್ಲಲ್ಲ. ಭದ್ರತೆಯ ಲಾಭ ಇಡೀ ದೇಶಕ್ಕೆ, ಬಿಲ್ಲು ಮಾತ್ರ ಮೂರು ಊರಿಗೆ.

2003ರ ಫೆಬ್ರವರಿಯಲ್ಲಿ, ಇರಾಕ್ ಯುದ್ಧಕ್ಕೆ ಸ್ವಲ್ಪ ಮುಂಚೆ, ಇದರ ಹೊರಗೆ ಇನ್ನೊಂದು ದೊಡ್ಡ ಬೇಲಿ ಬಂತು. ಒಳಗೆ ಹಾರೋರು ಮೊದಲೇ ಪ್ಲಾನ್ ಕೊಡ್ಬೇಕು, ಫೋನ್ ಮಾಡಿ ಕೋಡ್ ತಗೋಬೇಕು, ರೇಡಿಯೋದಲ್ಲಿ ಸಂಪರ್ಕದಲ್ಲೇ ಇರ್ಬೇಕು. ಇದು ತಾತ್ಕಾಲಿಕ ಅಂದಿದ್ರು. ನಮ್ಮ ಕಡೆ ರಸ್ತೆ ಅಗೆದಾಗ ಹಾಕೋ 'ತಾತ್ಕಾಲಿಕ ಮಾರ್ಗ' ಬೋರ್ಡ್ ನೆನಪಾಯ್ತಾ?

ಭಾಗ 9/10

2005ರ ಮೇನಲ್ಲಿ ಆ ಸೆಸ್ನಾ ದಾರಿ ತಪ್ಪಿತು (ಭಾಗ 1 ನೋಡಿ). ಪೈಲಟ್‌ನ ಲೈಸೆನ್ಸ್ ರದ್ದಾಯ್ತು. ಸಹ ಪೈಲಟ್‌ಗಳಿಗೇ ಅವನ ಮೇಲೆ ಸಿಟ್ಟು. ಹೊರಡೋ ಮುಂಚೆ ನಕ್ಷೆ, ಸೂಚನೆ ಸರಿಯಾಗಿ ನೋಡೋದು ಪ್ರತಿ ಪೈಲಟ್‌ನ ಮೊದಲ ಪಾಠ.

ಮೂರು ತಿಂಗಳಾದ ಮೇಲೆ, ಆಗಸ್ಟ್‌ನಲ್ಲಿ, ಎಫ್‌ಎಎ ಕರಡು ತಂತು: ತಾತ್ಕಾಲಿಕ ಬೇಲಿಯನ್ನು ಶಾಶ್ವತ ಮಾಡೋದು.

21,000ಕ್ಕೂ ಹೆಚ್ಚು ಅಭಿಪ್ರಾಯ ಬಂದ್ವು. ಹೆಚ್ಚುಕಮ್ಮಿ ಎಲ್ಲವೂ ವಿರೋಧ. 2006ರ ಜನವರಿಯಲ್ಲಿ ಸಾರ್ವಜನಿಕ ಸಭೆಗಳಾದ್ವು, ಪೈಲಟ್‌ಗಳು ಅಧಿಕಾರಿಗಳ ಎದುರೇ ನಿಂತು ಮಾತಾಡಿದ್ರು.

ಅದೇ ಮೂರು ಗುಂಪು ಮತ್ತೆ. 'ಭಯೋತ್ಪಾದಕ ಫೋನ್ ಮಾಡಿ ಕೋಡ್ ಕೇಳ್ತಾನಾ? ಸಿಕ್ಕಿಬೀಳೋದು ಪ್ರಾಮಾಣಿಕರು ಮಾತ್ರ' ಅಂದವರಿದ್ರು. 'ಅಷ್ಟು ಕಷ್ಟ ಏನಿಲ್ಲ, ನಿಯಮ ಓದ್ಕೊಂಡು ಹಾರಿ, ಅತ್ತು ಕರೆದು ನಮ್ಮ ಮಾನ ಕಳೀಬೇಡಿ' ಅಂದವರಿದ್ರು. ಗೆರೆ ಇಲ್ಲಿ ಯಾಕೆ, ಅಲ್ಲಿ ಯಾಕಲ್ಲ, ಅಂಚಿನಲ್ಲಿರೋ ಏರ್‌ಪೋರ್ಟ್‌ನಿಂದ ಹೊರಗೆ ಹೋಗೋನಿಗೆ ಇಷ್ಟೆಲ್ಲ ಯಾಕೆ ಅಂತ ನಕ್ಷೆ ಇಟ್ಕೊಂಡು ಕೇಳಿದವರಿದ್ರು.

ಸರ್ಕಾರದ ಕಡೆ ಒಂದೇ ದೊಡ್ಡ ಮಾತು: ಸಮಯ. ಒಂದು ಅಪರಿಚಿತ ಚುಕ್ಕೆ ಸ್ನೇಹಿತನೋ ಶತ್ರುವೋ ಅಂತ ತೀರ್ಮಾನ ಮಾಡೋಕೆ ನಿಮಿಷಗಳು ಬೇಕು. ಆ ನಿಮಿಷಗಳಿಗೆ ದೂರ ಬೇಕು. ಇದೂ ಸುಳ್ಳಲ್ಲ.

ಫಲಿತಾಂಶ? ಸೋಲು. 2008ರ ಡಿಸೆಂಬರ್‌ನಲ್ಲಿ ಅಂತಿಮ ನಿಯಮ, 2009ರ ಫೆಬ್ರವರಿ 17ರಿಂದ ಜಾರಿ. ಇವತ್ತಿಗೂ ಇದೆ.

ಆದ್ರೆ ಪೂರ್ತಿ ಸೋಲಲ್ಲ. ಮೊದಲು ಬೇಲಿಯ ಆಕಾರ ಮಿಕ್ಕಿ ಮೌಸ್ ತಲೆ ಥರ, ಎರಡು ಕಿವಿ ಬೇರೆ ಇತ್ತು. 2007ರಲ್ಲಿ ಅದನ್ನ 30 ನಾಟಿಕಲ್ ಮೈಲಿಯ ಸರಳ ವೃತ್ತ ಮಾಡಿದ್ರು. ಅಂಚಿನಲ್ಲಿದ್ದ ಎಷ್ಟೋ ಏರ್‌ಪೋರ್ಟ್‌ಗಳು ಬೇಲಿಯಿಂದ ಹೊರಗೆ ಬಂದ್ವು. ಒಳಗೆ ಉಳಿದ ಅಂಚಿನ ಕೆಲವಕ್ಕೆ ಹೊರಗೆ ಹೋಗೋ ಸುಲಭ ದಾರಿ ಸಿಕ್ತು. ಆ ಪ್ರದೇಶದಲ್ಲಿ ಹಾರೋ ಪೈಲಟ್‌ಗಳಿಗೆ ತರಬೇತಿ ಕಡ್ಡಾಯ ಆಯ್ತು. ಅದು ನಿಯಮ ಅನ್ನೋಕಿಂತ ಬುದ್ಧಿವಂತಿಕೆ.

ಗಮನಿಸಿ. ಬದಲಾಗಿದ್ದೆಲ್ಲ ಮೂರನೇ ಗುಂಪು ಕೇಳಿದ ಥರದ ವಿಷಯಗಳು.

ಭಾಗ 10/10

ಕೊನೇದಾಗಿ ಇತ್ತೀಚಿನ ಒಂದು ರಾತ್ರಿ. 2025ರ ಜನವರಿ 29. ವಾಷಿಂಗ್ಟನ್‌ನ ಅದೇ ಒಳವೃತ್ತ, ಹವ್ಯಾಸಿ ಪೈಲಟ್ ತಪಾಸಣೆ ಇಲ್ಲದೆ ಕಾಲಿಡೋಕೂ ಆಗದ ಆಕಾಶ. ಇಳಿಯೋಕೆ ಬರ್ತಿದ್ದ ಪ್ರಯಾಣಿಕ ಜೆಟ್‌ಗೆ ಸೈನ್ಯದ ಹೆಲಿಕಾಪ್ಟರ್ ಡಿಕ್ಕಿಯಾಯ್ತು. 67 ಜನ ಸತ್ತರು.

ಎರಡೂ ಕಂಟ್ರೋಲ್ ಟವರ್ ಜೊತೆ ಮಾತಾಡ್ತಿದ್ವು. ಹೆಲಿಕಾಪ್ಟರ್‌ನವರು ಜೆಟ್ ಕಾಣ್ತಿದೆ, ನಾವೇ ನೋಡ್ಕೊಂಡು ದೂರ ಇರ್ತೀವಿ ಅಂದಿದ್ರು. ಸ್ಯಾನ್ ಡಿಯೇಗೋ ನೆನಪಾಯ್ತಾ? 46 ವರ್ಷ ಆದ್ಮೇಲೂ ಅದೇ ಮಾತು. ಆ ಜೆಟ್ ಓಡಿಸ್ತಿದ್ದ ಕಂಪನಿಯ ಹೆಸರೂ ಪಿಎಸ್‌ಎ. ಬೇರೆ ಕಂಪನಿ, ಹಳೇ ಹೆಸರು.

1979ರಲ್ಲಿ ಮೂರನೇ ಗುಂಪು ಹೇಳಿದ್ದು ಇದನ್ನೇ. ಬೇಲಿ ಎಷ್ಟೇ ಎತ್ತರ ಕಟ್ಟಿ, 'ಕಾಣ್ತಿದೆ' ಅನ್ನೋ ಒಂದು ಮಾತಿನ ಮೇಲೆ ನೂರು ಜೀವ ನಿಲ್ಲಿಸಿದ್ರೆ ಒಳಗೇ ಅಪಾಯ ಇರುತ್ತೆ. ಆ ಮಾತು ಸರಿ ಇತ್ತು. ಆದ್ರೆ 'ಒಂದು ಇಂಚೂ ಬಿಡಲ್ಲ' ಅನ್ನೋ ಕೂಗಲ್ಲಿ ಅದು ಮುಳುಗಿಹೋಯ್ತು. ಸೆರಿಟೋಸ್ ಆದಮೇಲೆ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಿದ್ರು. ಅದಕ್ಕೇ ನಾನು ಈಗ ಪೈಲಟ್‌ಗಳ ಪರವೂ ಅಲ್ಲ, ಇಲಾಖೆಯ ಪರವೂ ಅಲ್ಲ. ಕರೆಂಟ್ ಇಲ್ಲದ ಕಬ್ ಬಗ್ಗೆ ಪತ್ರ ಬರೆದ ಆ ಪುಣ್ಯಾತ್ಮರ ಪರ.

ನಮಗೇನು ಸಂಬಂಧ ಅಂತೀರಾ? ಆಕಾಶದ ನಿಯಮ ಈಗ ನಮ್ಮ ಕೈಗೂ ಬಂದಿದೆ. ಮದುವೆ ಮನೇಲಿ ಹಾರೋ ಡ್ರೋನ್ ಕೂಡ ವಿಮಾನದ ಕಾನೂನಿಗೇ ಸೇರುತ್ತೆ. 2021ರ ಮಾರ್ಚ್‌ನಲ್ಲಿ ನಮ್ಮ ಕೇಂದ್ರ ಸರ್ಕಾರ ಡ್ರೋನ್ ನಿಯಮ ತಂದಾಗ, ಅದನ್ನ ಮಾಡೋರು, ಹಾರಿಸೋರು, ಕಾಲೇಜಿನವರು ಎಲ್ಲ ಇಷ್ಟೊಂದು ಅರ್ಜಿ, ಅನುಮತಿ ಯಾಕೆ ಅಂತ ಕೇಳಿದ್ರು. ಜುಲೈನಲ್ಲಿ ಹೊಸ ಕರಡು ಬಂತು, ಜನರ ಅಭಿಪ್ರಾಯ ಕೇಳಿದ್ರು. ಆಗಸ್ಟ್ 25ಕ್ಕೆ ಹೊಸ ನಿಯಮ. ಫಾರ್ಮ್‌ಗಳು 25ರಿಂದ 5ಕ್ಕೆ ಇಳಿದ್ವು, ಶುಲ್ಕದ ಬಗೆಗಳು 72ರಿಂದ 4ಕ್ಕೆ. ಏರ್‌ಪೋರ್ಟ್ ಸುತ್ತ ಕೆಂಪು, ಹಳದಿ ವಲಯ ಅನ್ನೋ ಪದ್ಧತಿ ಮಾತ್ರ ಉಳೀತು. ಉಳಿಯಲೇಬೇಕಿತ್ತು.

ನಾವು ಯಾವುದಾದ್ರೂ ರೂಲ್ ಬಂದ ಕೂಡಲೇ ಸ್ಟೋರಿ ಹಾಕಿ ಬೈತೀವಿ, 24 ಗಂಟೆಗೆ ಅದು ಮಾಯ. ಕರಡು ತೆರೆದು, ಎಷ್ಟನೇ ಸಾಲು ತಪ್ಪು, ಅದರ ಬದಲು ಏನಿರಬೇಕು, ಅದರಿಂದ ನಮ್ಮ ಮನೆ ಮೇಲೆ, ಪಕ್ಕದವರ ಮನೆ ಮೇಲೆ ಏನು ಬೀಳುತ್ತೆ ಅಂತ ಬರೆದು ಕಳಿಸೋರು ನಮ್ಮಲ್ಲಿ ಎಷ್ಟು ಜನ?

ನಾನಂತೂ ಇಲ್ಲಿವರೆಗೆ ಒಂದನ್ನೂ ಬರೆದಿಲ್ಲ. ಮುಂದಿನ ಸಲ ಬರೀತೀನಿ.

ನೀವು ಯಾವ ಗುಂಪು, ಒಂದಾ, ಎರಡಾ, ಮೂರಾ? ಕೆಳಗೆ ಹೇಳಿ. ಭಾಗ 6 ಮಾತ್ರ ಮಿಸ್ ಮಾಡಿದ್ರೆ, ದಯವಿಟ್ಟು ಹಿಂದೆ ಹೋಗಿ ಓದಿ.

#ಇತಿಹಾಸ #ವಿಮಾನ #ಕನ್ನಡದಲ್ಲಿ